ಪಂಚಾಂಗ, ಚಂದ್ರದರ್ಶನ, ಗ್ರಹಣ: ನಂಬಿಕೆಗೂ ವಿಜ್ಞಾನಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ?

ರಥಬೀದಿ_ಗಣಕ

2025ರಲ್ಲಿ ಹೆಚ್ಚಿನ ಕಡೆ ಆಗಸ್ಟ್ 16ಕ್ಕೆ ಕೃಷ್ಣಾಷ್ಟಮಿ ಆಯಿತು. ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಜಯಂತಿ, ಮರುದಿನ ವಿಟ್ಲಪಿಂಡಿ (ಮೊಸರುಕುಡಿಕೆ ಉತ್ಸವ). ಆಗ ಎರಡು ಬಗೆಯ ಮಾತು ಹರಿದಾಡಿತು. ಕೆಲವರು "ಕೃಷ್ಣ ಎಷ್ಟು ಸಲ ಹುಟ್ಟುವುದು" ಎಂದು ಗೇಲಿ ಮಾಡಿದರು, ಇನ್ನು ಕೆಲವರು "ನಮ್ಮದೇ ವೈಜ್ಞಾನಿಕ, ಉಳಿದದ್ದು ತಪ್ಪು" ಎಂದರು. ಈ ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ.

ನಡೆದದ್ದು ಇಷ್ಟೇ. ಉಡುಪಿಯದು ಸೌರಮಾನ. ಸೂರ್ಯ ಸಿಂಹ ರಾಶಿಯಲ್ಲಿರಬೇಕು, ಕೃಷ್ಣಪಕ್ಷದ ಅಷ್ಟಮಿ ಬರಬೇಕು, ರೋಹಿಣಿಯ ಯೋಗವನ್ನೂ ನೋಡುತ್ತಾರೆ. ಆ ವರ್ಷ ಅಷ್ಟಮಿ ಮುಗಿದದ್ದು ಆಗಸ್ಟ್ 16ರ ರಾತ್ರಿ. ಸೂರ್ಯ ಸಿಂಹಕ್ಕೆ ಕಾಲಿಟ್ಟದ್ದು 17ರ ನಸುಕಿನಲ್ಲಿ. ಕೆಲವೇ ಗಂಟೆಗಳ ಅಂತರಕ್ಕೆ ಹಬ್ಬ ಒಂದು ತಿಂಗಳು ಮುಂದೆ ಹೋಯಿತು.

ಇದರಲ್ಲಿ ಎರಡು ಪದರ ಉಂಟು. ಸೂರ್ಯ ಆ ಹೊತ್ತಿಗೆ ಎಲ್ಲಿದ್ದ ಎಂಬುದು ಲೆಕ್ಕ. ಅದು ತಪ್ಪಿರಬಹುದು, ತಪ್ಪಿದ್ದರೆ ಆಕಾಶವೇ ತೋರಿಸಿಕೊಡುತ್ತದೆ, ತಿದ್ದಲೇಬೇಕು. ಸಿಂಹಮಾಸದಲ್ಲೇ ಆಚರಿಸಬೇಕು ಎಂಬುದು ಸಂಪ್ರದಾಯದ ನಿಯಮ. ಅದು ಸರಿಯೋ ತಪ್ಪೋ ಎಂದು ಯಾವ ದೂರದರ್ಶಕವೂ ಹೇಳಲಾರದು. ಮೊದಲನೆಯದನ್ನು ವಿಜ್ಞಾನಕ್ಕೆ ಪೂರ್ತಿ ಬಿಟ್ಟುಕೊಟ್ಟರೆ ಎರಡನೆಯದಕ್ಕೆ ಒಂದು ಕೂದಲಿನಷ್ಟೂ ನಷ್ಟವಿಲ್ಲ ಎಂಬುದು ನನ್ನ ವಾದ. ಒಪ್ಪದವರು ಎಲ್ಲಿ ಒಪ್ಪುವುದಿಲ್ಲ ಎಂದು ಬರೆಯಿರಿ.

ಕಟಪಾಡಿ_ಅಕ್ಕ

ವಾದ ಸರಿ. ಆದರೆ "ಲೆಕ್ಕ ತಿದ್ದಬೇಕು" ಎನ್ನುವುದು ಹೇಳಿದಷ್ಟು ಸುಲಭವಲ್ಲ. ಎಲ್ಲಿ ಎಷ್ಟು ತಪ್ಪುತ್ತದೆ ಎಂದು ತಿಳಿಯದಿದ್ದರೆ ಚರ್ಚೆ ಗಾಳಿಯಲ್ಲೇ ಉಳಿಯುತ್ತದೆ.

ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ವೇಗ ಏರಿಳಿಯುವುದರಿಂದ ತಿಥಿಯ ಅವಧಿಯೂ ಏರಿಳಿಯುತ್ತದೆ. ಹಳೆಯ ಪದ್ಧತಿಯ ಸೂತ್ರ "ಬಾಣವೃದ್ಧಿ ರಸಕ್ಷಯ": ಹೆಚ್ಚೆಂದರೆ 65 ಘಳಿಗೆ, ಕಡಿಮೆಯೆಂದರೆ 54. ಅಂದರೆ 26 ಗಂಟೆಯಿಂದ 21 ಗಂಟೆ 36 ನಿಮಿಷ. ಆಕಾಶದಲ್ಲಿ ನಿಜವಾಗಿ ನಡೆಯುವುದು ಸುಮಾರು 20 ಗಂಟೆಯಿಂದ 26 ಮುಕ್ಕಾಲು ಗಂಟೆ. ದೃಗ್ಗಣಿತದವರಿಗೂ (ಆಕಾಶ ನೋಡಿ ಅಂಕಿ ತಿದ್ದಿಕೊಂಡು ಲೆಕ್ಕ ಹಾಕುವವರಿಗೂ) ಹಳೆಯ ಪದ್ಧತಿಯವರಿಗೂ ಜಗಳ ಹುಟ್ಟುವುದೇ ಈ ಜಾಗದಲ್ಲಿ.

ಕಾರಣ ಇದು. ಹಳೆಯ ಪದ್ಧತಿಯ ಗ್ರಂಥ ಸೂರ್ಯಸಿದ್ಧಾಂತ ಚಂದ್ರನಿಗೆ ಒಂದೇ ಮುಖ್ಯ ಸಂಸ್ಕಾರ (ತಿದ್ದುಪಡಿ) ಕೊಡುತ್ತದೆ, ಅದರ ಗರಿಷ್ಠ ಸುಮಾರು 5 ಡಿಗ್ರಿ. ಸೂರ್ಯನ ಸೆಳೆತದಿಂದ ಚಂದ್ರನಿಗೆ ಇನ್ನೂ ಎರಡು ದೊಡ್ಡ ತೊನೆತ ಉಂಟು. ಒಂದು 1.27 ಡಿಗ್ರಿ, ಇನ್ನೊಂದು 0.66 ಡಿಗ್ರಿ. ಅಮಾವಾಸ್ಯೆ ಹುಣ್ಣಿಮೆಯಲ್ಲಿ ಮೊದಲನೆಯದು ಆ 5 ಡಿಗ್ರಿಯೊಳಗೇ ಸೇರಿಹೋಗುತ್ತದೆ, ಎರಡನೆಯದು ಸೊನ್ನೆಯಾಗುತ್ತದೆ. ಹಾಗಾಗಿ ಹಳೆಯ ಲೆಕ್ಕದಲ್ಲೂ ಗ್ರಹಣ ಹೆಚ್ಚುಕಮ್ಮಿ ಸರಿಯಾಗಿ ಬರುತ್ತದೆ. "ಗ್ರಹಣ ಸರಿ ಬಂತಲ್ಲ, ಉಳಿದದ್ದೂ ಸರಿಯೇ ಇರಬೇಕು" ಎನ್ನುವ ವಾದ ಮುರಿದುಬೀಳುವುದು ಇಲ್ಲಿಯೇ. ಅಷ್ಟಮಿಯ ಹತ್ತಿರ ತಪ್ಪು ಎರಡೂವರೆ ಡಿಗ್ರಿವರೆಗೂ ಹೋಗುತ್ತದೆ. ಚಂದ್ರ–ಸೂರ್ಯರ ಅಂತರ ಗಂಟೆಗೆ ಅರ್ಧ ಡಿಗ್ರಿಯಂತೆ ಬೆಳೆಯುವುದರಿಂದ ಅದು ಐದು ಗಂಟೆ. ಮೇಲೆ ಹೇಳಿದ ಸಿಂಹ–ಅಷ್ಟಮಿಯಂತಹ ನಿರ್ಣಯವನ್ನು ಐದು ಗಂಟೆ ಆಚೀಚೆ ಮಾಡಿಬಿಡುತ್ತದೆ.

ಏಕಾದಶಿಗೆ ಇನ್ನೂ ಸೂಕ್ಷ್ಮ. ಸೂರ್ಯೋದಯಕ್ಕೆ 4 ಘಳಿಗೆ, ಅಂದರೆ 96 ನಿಮಿಷ ಮೊದಲು ಅರುಣೋದಯ. ಆ ಹೊತ್ತಿಗೆ ದಶಮಿ ಉಳಿದಿದ್ದರೆ ಮಾಧ್ವರಿಗೆ ಅದು ವಿದ್ಧಾ (ದಶಮಿ ಸೋಂಕಿದ) ಏಕಾದಶಿ, ಉಪವಾಸ ಮರುದಿನಕ್ಕೆ. ಗಂಟೆಗಟ್ಟಲೆ ತಪ್ಪಿರುವ ಗಣಿತ ಇಟ್ಟುಕೊಂಡು 96 ನಿಮಿಷದ ನಿಯಮ ಪಾಲಿಸಿದರೆ ಆ ನಿಯಮಕ್ಕೇ ಅನ್ಯಾಯ.

ಪಡುಬಿದ್ರಿ_ಕಡಲು

ಅಕ್ಕಾ, ಇದನ್ನು ಮನೆಯಲ್ಲೇ ಕೂತು ಪರೀಕ್ಷೆ ಮಾಡ್ಲಿಕ್ಕೆ ಆಗ್ತದಾ? ಹೇಳಿದವರ ಮಾತು ನಂಬುವುದಾದರೆ ಅದೂ ಒಂದು ನಂಬಿಕೆಯೇ ಆಯಿತಲ್ಲ.

ಕಟಪಾಡಿ_ಅಕ್ಕ

ಖಂಡಿತ ಆಗ್ತದೆ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಸಾಕು. ಸ್ಥಳ ಉಡುಪಿ ಎಂದು ಕೊಡಿ: ಅಕ್ಷಾಂಶ 13.34 ಉತ್ತರ, ರೇಖಾಂಶ 74.75 ಪೂರ್ವ. ಸೂರ್ಯನ ಮೇಲೆ ಒತ್ತಿ ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ) ರೇಖಾಂಶ ಬರೆದುಕೊಳ್ಳಿ, ಆಮೇಲೆ ಚಂದ್ರನದ್ದು. ಚಂದ್ರನದರಿಂದ ಸೂರ್ಯನದನ್ನು ಕಳೆಯಿರಿ, ಋಣ ಬಂದರೆ 360 ಕೂಡಿಸಿ, 12ರಿಂದ ಭಾಗಿಸಿ. ಭಾಗಲಬ್ಧ 22 ದಾಟಿ 23ರೊಳಗೆ ಇದ್ದರೆ ಅದು 23ನೇ ತಿಥಿ, ಅಂದರೆ ಕೃಷ್ಣ ಅಷ್ಟಮಿ.

ತಪ್ಪಾಗುವುದು ಎರಡು ಕಡೆ. ತಂತ್ರಾಂಶ ತಾನಾಗಿಯೇ ನೀವು ನಿಂತ ನೆಲದಿಂದ ಕಾಣುವ ಸ್ಥಾನ ಕೊಡುತ್ತದೆ, ಪಂಚಾಂಗಕ್ಕೆ ಬೇಕಾದದ್ದು ಭೂಕೇಂದ್ರದಿಂದ. ಸೆಟ್ಟಿಂಗಿನಲ್ಲಿ "ಟೋಪೋಸೆಂಟ್ರಿಕ್" ಎಂಬುದನ್ನು ತೆಗೆಯದಿದ್ದರೆ ಚಂದ್ರ ಸುಮಾರು ಒಂದು ಡಿಗ್ರಿವರೆಗೂ ಸರಿದು ಕಾಣುತ್ತಾನೆ, ತಿಥಿ ಎರಡು ಗಂಟೆ ತಪ್ಪುತ್ತದೆ. ಎರಡನೆಯದು, ಸೂರ್ಯನಿಗೆ ಅಂದಿನ ದಿನದ ಅಂಕಿ, ಚಂದ್ರನಿಗೆ 2000ನೇ ಇಸವಿಯ ಆಧಾರದ ಅಂಕಿ ತೆಗೆದುಕೊಳ್ಳುವುದು. ಈಗ ಅದರಿಂದಲೇ 40 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ.

ಇನ್ನೊಂದು ಸಂಗತಿ. ತಿಥಿಗೆ ಅಯನಾಂಶ (ಹಗಲು ರಾತ್ರಿ ಸಮನಾಗುವ ವಿಷುವದ ಬಿಂದುವಿನಿಂದ ಅಳೆದ ಸ್ಥಾನಕ್ಕೂ ನಕ್ಷತ್ರಗಳನ್ನು ಹಿಡಿದು ಅಳೆದ ಸ್ಥಾನಕ್ಕೂ ಇರುವ ಅಂತರ) ಬೇಡ, ಕಳೆಯುವಾಗ ಅದು ಎರಡೂ ಕಡೆಯಿಂದ ಹೋಗಿಬಿಡುತ್ತದೆ. ನಕ್ಷತ್ರಕ್ಕೂ ಸಂಕ್ರಮಣಕ್ಕೂ ಬೇಕು. ಅಯನಾಂಶದಲ್ಲಿ ಒಂದು ಡಿಗ್ರಿ ಬದಲಾದರೆ ಸಂಕ್ರಮಣ ಒಂದು ದಿನ ಸರಿಯುತ್ತದೆ, ನಕ್ಷತ್ರ ಸುಮಾರು 1 ಗಂಟೆ 50 ನಿಮಿಷ. ಬೆಂಗಳೂರಿಗೆ ಅಚ್ಚಾದ ಪಂಚಾಂಗ ನೋಡುವವರು ಸೂರ್ಯೋದಯಕ್ಕೆ ರೇಖಾಂಶದ ಲೆಕ್ಕದಲ್ಲೇ 11 ನಿಮಿಷ ಕೂಡಿಸಬೇಕು. ಕೋಲ್ಕತ್ತದ್ದಾದರೆ 54. ಅಷ್ಟರೊಳಗೆ ತಿಥಿ ಮುಗಿದರೆ ಹಬ್ಬದ ದಿನವೇ ಬೇರೆಯಾಗುತ್ತದೆ.

ಬಂದರ್_ಹಿಲಾಲ್

ರೇಖಾಂಶದ ಮಾತು ಬಂತಲ್ಲ, ನಮ್ಮಲ್ಲೂ ಅದೇ ಕಥೆ. 2024ರಲ್ಲಿ ಕೇರಳದಲ್ಲೂ ದಕ್ಷಿಣ ಕನ್ನಡ, ಉಡುಪಿಯಲ್ಲೂ ಏಪ್ರಿಲ್ 10ಕ್ಕೆ ಈದ್, ದೇಶದ ಹೆಚ್ಚಿನ ಕಡೆ 11ಕ್ಕೆ. "ಕರಾವಳಿಯವರದ್ದು ಯಾವಾಗಲೂ ಬೇರೆ" ಎಂದು ಬೇಸರಿಸುವವರು ಆಕಾಶವನ್ನು ಒಮ್ಮೆ ನೋಡಬೇಕು.

ಅಮಾವಾಸ್ಯೆಯ ಕ್ಷಣ ಏಪ್ರಿಲ್ 8ರ ರಾತ್ರಿ 11.51. ಮಂಗಳೂರಿನಲ್ಲಿ 9ರ ಸೂರ್ಯಾಸ್ತ ಸುಮಾರು 6.46ಕ್ಕೆ, ಆಗ ಚಂದ್ರನ ವಯಸ್ಸು 19 ಗಂಟೆಗೆ ಹತ್ತಿರ. ಕೋಲ್ಕತ್ತದಲ್ಲಿ ಸೂರ್ಯ 50 ನಿಮಿಷಕ್ಕೂ ಮೊದಲೇ ಮುಳುಗಿಯಾಗಿತ್ತು. ಎಳೆ ಚಂದ್ರನಿಗೆ 50 ನಿಮಿಷ ದೊಡ್ಡದು. ಸೂರ್ಯನಿಂದ 7 ಡಿಗ್ರಿಗಿಂತ ಹತ್ತಿರವಿದ್ದರೆ ರೇಖೆಯೇ ಮೂಡುವುದಿಲ್ಲ, ದಾಟಿದ ಮೇಲೂ ಪ್ರತಿ ಅರ್ಧ ಡಿಗ್ರಿಗೆ ಕಾಣುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಅದರ ಮೇಲೆ ನಮಗೆ ಪಶ್ಚಿಮಕ್ಕೆ ಕಡಲು, ಗುಡ್ಡ ಅಡ್ಡ ಬರುವುದಿಲ್ಲ.

ನೋಡುವವರಿಗೆ ಉಪಯೋಗದ ಮಾತು: ಸೂರ್ಯಾಸ್ತದಿಂದ ಚಂದ್ರಾಸ್ತಕ್ಕೆ ಎಷ್ಟು ನಿಮಿಷ ಎಂದು ಮೊದಲೇ ಲೆಕ್ಕ ಹಾಕಿ. ಅದರ ಒಂಬತ್ತರಲ್ಲಿ ನಾಲ್ಕು ಪಾಲು ಕಳೆದಾಗ ಕಾಣುವ ಅವಕಾಶ ಎಲ್ಲಕ್ಕಿಂತ ಒಳ್ಳೆಯದು. 40 ನಿಮಿಷ ಇದ್ದರೆ ಸೂರ್ಯ ಮುಳುಗಿ ಸುಮಾರು 18 ನಿಮಿಷಕ್ಕೆ. ಬೈನಾಕ್ಯುಲರ್ ಎತ್ತುವುದು ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ. ಕೋಡುಗಳು ಸೂರ್ಯ ಇಳಿದ ಜಾಗಕ್ಕೆ ಬೆನ್ನು ಹಾಕಿರಬೇಕು. ಏಪ್ರಿಲಿನಲ್ಲಿ ನಮ್ಮ ಅಕ್ಷಾಂಶಕ್ಕೆ ಚಂದ್ರ ಅಂಗಾತ ಬಿದ್ದ ದೋಣಿಯಂತೆ ಕಾಣಬೇಕು. ನೆಟ್ಟಗೆ ನಿಂತ ಗೆರೆ ಕಂಡಿತು ಎಂದರೆ ಅದು ವಿಮಾನದ ಹೊಗೆಗೆರೆ.

ಇನ್ನು ತತ್ವದ ವಿಷಯ. ನಿಯಮ ಹೇಳುವುದು ಕಣ್ಣಿನಿಂದ ನೋಡಿ ಎಂದು. ಲೆಕ್ಕದಿಂದಲೇ ತಿಂಗಳು ಶುರು ಮಾಡಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ, ಅದು ವಿಜ್ಞಾನದ ಮೇಲಿನ ಸಿಟ್ಟಿನಿಂದ ಅಲ್ಲ. ಆದರೆ ಚಂದ್ರ ಸೂರ್ಯನಿಗಿಂತ ಮೊದಲೇ ಮುಳುಗಿದ್ದಾನೆ ಎಂದು ಗಣಿತ ಖಚಿತವಾಗಿ ಹೇಳುವಾಗ "ನೋಡಿದೆ" ಎಂಬ ಸಾಕ್ಷ್ಯವನ್ನು ಸ್ವೀಕರಿಸಬಾರದು ಎನ್ನುವ ಉಲಮಾಗಳು ಹಿಂದಿನಿಂದಲೂ ಇದ್ದಾರೆ. ಲೆಕ್ಕ ತಪ್ಪನ್ನು ತಡೆಯಲಿ, ಆಚರಣೆ ಕಣ್ಣಿನದ್ದಾಗಿರಲಿ. ಈ ಹೊಂದಾಣಿಕೆ ನನಗೆ ಬಹಳ ಸರಿ ಕಾಣುತ್ತದೆ.

ಬೆಂದೂರು_1582

ಈಸ್ಟರಿನದ್ದೂ ಸೇರಿಸುತ್ತೇನೆ, ಚಿಕ್ಕದಾಗಿ. ಜೂಲಿಯನ್ ವರ್ಷ ನಿಜವಾದ ಋತುವರ್ಷಕ್ಕಿಂತ 11 ನಿಮಿಷ ಚಿಲ್ಲರೆ ಉದ್ದ, 128 ವರ್ಷಕ್ಕೆ ಒಂದು ದಿನ ಜಾರುತ್ತಿತ್ತು. ಅದನ್ನು ಸರಿಪಡಿಸಲು 1582ರಲ್ಲಿ ಪೋಪ್ 13ನೇ ಗ್ರೆಗರಿ ಹತ್ತು ದಿನ ಕಿತ್ತುಹಾಕಿದರು: ಅಕ್ಟೋಬರ್ 4ರ ಮರುದಿನ 15. ತಿದ್ದುಪಡಿ ಹೊರಟದ್ದು ಚರ್ಚಿನ ಒಳಗಿನಿಂದಲೇ, ಈಸ್ಟರ್ ಸರಿಯಾದ ಕಾಲಕ್ಕೆ ಬರಲಿ ಎಂದು.

ಆದರೂ ವಿಷುವದ ನಂತರದ ಹುಣ್ಣಿಮೆ ನೋಡಿ ಈಸ್ಟರ್ ಗೊತ್ತುಮಾಡುವ ಚರ್ಚ್ ಈಗಲೂ ಕೋಷ್ಟಕದ (ಮೊದಲೇ ಬರೆದಿಟ್ಟ ಪಟ್ಟಿಯ) ಹುಣ್ಣಿಮೆಯನ್ನೇ ಬಳಸುತ್ತದೆ, ವಿಷುವವನ್ನು ಮಾರ್ಚ್ 21 ಎಂದೇ ಹಿಡಿಯುತ್ತದೆ. 2019ರಲ್ಲಿ ಆಕಾಶದ ವಿಷುವವಾಗಿ ಕೆಲವೇ ಗಂಟೆಗೆ ಹುಣ್ಣಿಮೆ ಬಂತು. ಆಕಾಶವನ್ನೇ ಅನುಸರಿಸಿದ್ದರೆ ಮಾರ್ಚ್ ಕೊನೆಗೆ ಈಸ್ಟರ್ ಆಗಬೇಕಿತ್ತು. ಕೋಷ್ಟಕದ ಹುಣ್ಣಿಮೆ ಮಾರ್ಚ್ 20ಕ್ಕೇ ಬಿದ್ದುದರಿಂದ ಅದು ಲೆಕ್ಕಕ್ಕೆ ಬಾರದೆ ಏಪ್ರಿಲ್ 21ಕ್ಕೆ ಹೋಯಿತು. ಲೋಕದ ಎಲ್ಲ ಇಗರ್ಜಿಗಳೂ ಒಂದೇ ದಿನ ಆಚರಿಸಬೇಕು ಎಂಬ ಕಾರಣಕ್ಕೆ ಕೋಷ್ಟಕ. ಇದನ್ನು ಖಗೋಳದ ತಪ್ಪು ಎಂದು ಕರೆಯುವುದು ನ್ಯಾಯವಲ್ಲ, ಯಾಕೆಂದರೆ ಅದು ಖಗೋಳದ ಹುಣ್ಣಿಮೆ ಎಂದು ಯಾರೂ ಹೇಳುತ್ತಿಲ್ಲ.

ಮಣಿಪಾಲ_ಪ್ರಯೋಗ

ಎಲ್ಲರೂ ಸುಲಭದ ಉದಾಹರಣೆ ತೆಗೆದುಕೊಂಡಿದ್ದೀರಿ ಮಾರಾಯ್ರೆ. ಕಷ್ಟದ್ದು ಎರಡು ಉಂಟು.

ಒಂದು, ಉತ್ತರಾಯಣ. ಜನವರಿ 14ಕ್ಕೆ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಎಂದು ಪ್ರತಿವರ್ಷ ಹೇಳುತ್ತಾರೆ. ತಿರುಗುವುದು ಡಿಸೆಂಬರ್ 21–22ಕ್ಕೆ. ಇದಕ್ಕೆ ಯಾರ ಮಾತೂ ಬೇಡ, ಒಂದು ಕೋಲು ಸಾಕು. ಸಮತಟ್ಟಾದ ನೆಲದಲ್ಲಿ ಸರಿಯಾಗಿ 1 ಮೀಟರ್ ಎತ್ತರದ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಉಡುಪಿಯಲ್ಲಿ ಡಿಸೆಂಬರ್ 22ರ ಮಧ್ಯಾಹ್ನ 12.29ರ ಹೊತ್ತಿಗೆ ನೆರಳು ಸುಮಾರು 75 ಸೆಂಟಿಮೀಟರ್. ಜನವರಿ 14ಕ್ಕೆ 12.40ರ ಹೊತ್ತಿಗೆ 69. ಸಂಕ್ರಾಂತಿಗೆ ಬರುವಾಗಲೇ ನೆರಳು 6 ಸೆಂಟಿಮೀಟರ್ ಗಿಡ್ಡವಾಗಿರುತ್ತದೆ. ಗಡಿಯಾರದ 12ಕ್ಕೆ ಅಳೆದರೆ ತಪ್ಪುತ್ತದೆ, ನಮ್ಮ ಸ್ಥಳೀಯ ಸಮಯ ಭಾರತದ ಸಮಯಕ್ಕಿಂತ 31 ನಿಮಿಷ ಹಿಂದೆ. ನೆರಳಿನ ತುದಿ ಒಂದೂವರೆ ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಕೋಲಿನ ತುದಿಗೆ ಸಣ್ಣ ತೂತಿನ ರಟ್ಟು ಅಂಟಿಸಿ, ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಯ ನಡುವಿಗೆ ಅಳೆಯಿರಿ. ಎತ್ತರವನ್ನು ತೂತಿನವರೆಗೆ ತೆಗೆದುಕೊಳ್ಳಿ. ಜೂನಿನಲ್ಲಿ ಈ ಪ್ರಯೋಗ ಬೇಡ, ಕರಾವಳಿಯ ಮೋಡ ಬಿಡುವುದಿಲ್ಲ.

ನಿರಯನ (ನಕ್ಷತ್ರಗಳನ್ನು ಹಿಡಿದು ಅಳೆಯುವ) ವರ್ಷ ಋತುವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ, ಹಾಗಾಗಿ 71 ವರ್ಷಕ್ಕೆ ಒಂದು ದಿನದಂತೆ ಜಾರುತ್ತಲೇ ಇರುತ್ತದೆ. ತುಳುವರ ಆಟಿ ತಿಂಗಳು ಈಗ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ. ಎರಡು ಸಾವಿರ ವರ್ಷ ಕಳೆದರೆ ಸೆಪ್ಟೆಂಬರ್ ಮಧ್ಯಕ್ಕೆ ಮುಗಿಯುವ ಆಟಿ. ಮಳೆಯ ಜೋರು ಇಳಿದ ಮೇಲಿನ ಆಟಿಗೆ ಏನರ್ಥ? 1952ರಲ್ಲಿ ರಚನೆಯಾದ ಮೇಘನಾದ ಸಾಹಾ ಅಧ್ಯಕ್ಷತೆಯ ಸಮಿತಿ 1955ರ ವರದಿಯಲ್ಲಿ ಧಾರ್ಮಿಕ ಸೌರಮಾಸಗಳ ಜಾರುವಿಕೆಯನ್ನೂ ನಿಲ್ಲಿಸಲು ಸಲಹೆ ಕೊಟ್ಟಿತ್ತು. 1957ರ ಮಾರ್ಚ್ 22ರಿಂದ ಸರ್ಕಾರಿ ಶಕ ಕ್ಯಾಲೆಂಡರ್ ಬಂತು, ಮನೆಯ ಪಂಚಾಂಗ ಕದಲಲಿಲ್ಲ.

ಎರಡು, ಗ್ರಹಣ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ಸ್ಪರ್ಶ (ಹಿಡಿದದ್ದು) ರಾತ್ರಿ 9.57, ಮೋಕ್ಷ (ಬಿಟ್ಟದ್ದು) 1.27. ಮೂರು ಯಾಮದ (ಒಂಬತ್ತು ಗಂಟೆಯ) ವೇಧ, ಅಂದರೆ ಊಟ ಮಾಡಬಾರದ ಹೊತ್ತು, ಮಧ್ಯಾಹ್ನ 12.57ರಿಂದ. ಉಪವಾಸ ಮಾಡುವವರು ಮಾಡಲಿ. "ಕಿರಣಗಳಿಂದ ಅನ್ನ ವಿಷವಾಗುತ್ತದೆ, ಇದು ವಿಜ್ಞಾನ" ಎಂದರೆ ಮಾತ್ರ ನಾನು ಬಿಡುವುದಿಲ್ಲ. ಚಂದ್ರಗ್ರಹಣದಲ್ಲಿ ನಡೆಯುವುದು ಬೆಳಕು ಕಡಿಮೆಯಾಗುವುದು ಮಾತ್ರ, ಹೊಸ ಕಿರಣ ಎಲ್ಲಿಂದ ಬರಬೇಕು?

ರಥಬೀದಿ_ಗಣಕ

ಎರಡನೆಯದಕ್ಕೆ ನನ್ನದು ಪೂರ್ಣ ಒಪ್ಪಿಗೆ. ಶಾಸ್ತ್ರ ಗ್ರಹಣಕ್ಕೆ ಸ್ನಾನ, ಜಪ, ದಾನ ಹೇಳಿತು. ಕಣ್ಣಿಗೆ ಕಾಣದ ಗ್ರಹಣಕ್ಕೆ ಆಚರಣೆಯಿಲ್ಲ ಎಂದೂ ಹೇಳಿತು, ಅದಕ್ಕೇ ಛಾಯಾಕಲ್ಪ ಗ್ರಹಣಕ್ಕೆ (ಚಂದ್ರ ಬರೇ ತುಸು ಮಸುಕಾಗುವ ಗ್ರಹಣಕ್ಕೆ) ವೇಧವಿಲ್ಲ. ಮಕ್ಕಳಿಗೆ, ವೃದ್ಧರಿಗೆ, ಅಶಕ್ತರಿಗೆ ವೇಧದಲ್ಲಿ ರಿಯಾಯಿತಿ ಉಂಟು, ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. ವಿಷದ ಕಿರಣವಾಗಿದ್ದರೆ ಅಶಕ್ತರಿಗೇ ಹೆಚ್ಚು ಕಟ್ಟುನಿಟ್ಟು ಇರಬೇಕಿತ್ತಲ್ಲವೇ? ಕಿರಣದ ಕಥೆ ಸೇರಿಸಿದವರು ನಂಬಿಕೆಗೆ ಬಲ ಕೊಡುತ್ತೇವೆ ಎಂದುಕೊಂಡು ಅದನ್ನು ಸುಳ್ಳಿನ ಮೇಲೆ ನಿಲ್ಲಿಸಿದರು.

ಮೊದಲನೆಯದಕ್ಕೆ ಅರ್ಧ ಒಪ್ಪಿಗೆ. ಮಕರ ಸಂಕ್ರಮಣ ನಕ್ಷತ್ರಗಳ ಹಿನ್ನೆಲೆಯಲ್ಲಿ ಗುರುತಿಸಿದ ಬಿಂದು, ಆ ದಿನ ಸೂರ್ಯ ಅಲ್ಲಿಗೆ ಬರುವುದು ನಿಜ. ಅದೇ ದಿನ ಅಯನವೂ ತಿರುಗುತ್ತದೆ ಎಂಬ ಮಾತನ್ನು ಬಿಡಬೇಕು. ಬಿಟ್ಟರೆ ಹಬ್ಬಕ್ಕೇನೂ ಆಗುವುದಿಲ್ಲ.

ಲೆಕ್ಕ ತಿದ್ದುವುದನ್ನು ಪಶ್ಚಿಮದಿಂದ ಬಂದದ್ದು ಎನ್ನುವವರಿಗೆ ನಮ್ಮ ಕರಾವಳಿಯದೇ ಉತ್ತರ ಉಂಟು. ಕೇರಳದ ನಿಳಾ ನದಿ ಸೀಮೆಯ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ನೋಡಿ ಹಳೆಯ ಅಂಕಿಗಳು ಕೂಡಿಬರದಿದ್ದಾಗ 1431ರಲ್ಲಿ ದೃಗ್ಗಣಿತ ಬರೆದ. ನೀಲಕಂಠ ಸೋಮಯಾಜಿ ಸೋಮಯಾಗ ಮಾಡಿದ ಶ್ರೌತಿ. ಅಂಕಿಗಳನ್ನು ಆಕಾಶ ನೋಡಿ ಕಾಲಕಾಲಕ್ಕೆ ತಿದ್ದಬೇಕು ಎಂದು ವಾದಿಸಲೆಂದೇ ಜ್ಯೋತಿರ್ಮೀಮಾಂಸೆ ಬರೆದವನೂ ಅವನೇ. ಒಡಿಶಾದ ಸಾಮಂತ ಚಂದ್ರಶೇಖರ 19ನೇ ಶತಮಾನದಲ್ಲಿ ಬಿದಿರುಕೋಲಿನ ಉಪಕರಣ ಹಿಡಿದು, ಅಕ್ಕ ಹೇಳಿದ ಚಂದ್ರನ ಆ ಎರಡು ತೊನೆತಗಳನ್ನೂ ಬರಿಗಣ್ಣಿನಲ್ಲೇ ಹಿಡಿದ. ಪುರಿ ಜಗನ್ನಾಥನ ಸೇವೆಗಳ ಕಾಲನಿರ್ಣಯಕ್ಕೆ ಅವನ ಗಣಿತ ಬಳಕೆಗೆ ಬಂತು. ಇವರಲ್ಲಿ ಯಾರೂ ಪೂಜೆ ಬಿಟ್ಟವರಲ್ಲ.

ಕಟಪಾಡಿ_ಅಕ್ಕ

ಗ್ರಹಣದ ಅನ್ನದ ವಿಷಯ ಅಡುಗೆಮನೆಯಲ್ಲೇ ತೀರ್ಮಾನ ಮಾಡಬಹುದು. ಒಂದೇ ಪಾತ್ರೆಯ ಅನ್ನವನ್ನು ಆರು ಬಟ್ಟಲಿಗೆ ಹಾಕಿ. ಮೂರನ್ನು ಗ್ರಹಣದ ಹೊತ್ತಿನಲ್ಲಿ ತೆರೆದ ಆಕಾಶದ ಕೆಳಗೆ ಇಡಿ, ಮೂರನ್ನು ಅದೇ ಜಾಗದಲ್ಲಿ ಸೂರಿನಡಿ. ಎಲ್ಲಕ್ಕೂ ಒಂದೇ ಬಗೆಯ ತೆಳು ಬಟ್ಟೆ ಮುಚ್ಚಿ. ಬಟ್ಟಲಿನ ಅಡಿಗೆ ಗುರುತು ಬರೆದು, ಇಟ್ಟವರಲ್ಲದೆ ಬೇರೆಯವರು ಮೂಸಿ ನೋಡಿ ಬರೆದಿಡಬೇಕು. ಒಂದು ವಾರ ಬಿಟ್ಟು ಗ್ರಹಣವಿಲ್ಲದ ರಾತ್ರಿ ಅದೇ ಗಂಟೆಗಳಲ್ಲಿ ಮತ್ತೆ ಮಾಡಿ. ಬಾಯಿಗೆ ಹಾಕಬೇಡಿ.

ತಪ್ಪು ತೀರ್ಮಾನಕ್ಕೆ ದಾರಿ ಎಲ್ಲಿದೆ ನೋಡಿ: ಮಧ್ಯಾಹ್ನ ಮಾಡಿದ ಅನ್ನ ಮೋಕ್ಷದವರೆಗೆ ಹದಿಮೂರು ಗಂಟೆ ಹೊರಗಿರುತ್ತದೆ. ನಮ್ಮ ಸೆಕೆಗೆ ಅದು ಯಾವ ದಿನವಾದರೂ ಹಳಸುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿತದಲ್ಲೂ ಸಾಯುವುದಿಲ್ಲ, ಅನ್ನ ಬೆಚ್ಚಗಿದ್ದಾಗ ಬೆಳೆದು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಗ್ರಹಣದ ಮರುದಿನ ಹಳೆ ಅನ್ನ ಚೆಲ್ಲುವುದು ಒಳ್ಳೆಯದೇ, ಕಾರಣ ಚಂದ್ರನಲ್ಲ.

ಸೂರ್ಯಗ್ರಹಣದ್ದು ಬೇರೆ. ಅಲ್ಲಿ ಕಣ್ಣಿಗೆ ನಿಜವಾದ ಅಪಾಯ ಉಂಟು, ಅಕ್ಷಿಪಟಕ್ಕೆ ನೋವು ಗೊತ್ತಾಗುವುದಿಲ್ಲ. 2019ರ ಡಿಸೆಂಬರ್ 26ಕ್ಕೆ ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣ ಕಂಡಾಗಲೂ ಸೆಗಣಿ ನೀರು, ಅರಿಶಿನ ನೀರಿನ ಬಟ್ಟಲಲ್ಲಿ ನೋಡಿ ಎಂಬ ಸಲಹೆ ಓಡಾಡಿತ್ತು. ನೆತ್ತಿಯ ಹತ್ತಿರದ ಸೂರ್ಯನ ಬೆಳಕಿನ ಐವತ್ತರಲ್ಲಿ ಒಂದು ಪಾಲನ್ನು ನೀರು ಹಿಂದೆ ಕಳಿಸುತ್ತದೆ, ಸೂರ್ಯ ಕೆಳಗಿದ್ದರೆ ಇನ್ನೂ ಹೆಚ್ಚು. ಸುರಕ್ಷಿತ ಕನ್ನಡಕ ಬಿಡಬೇಕಾದದ್ದು ಮೂವತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಎಕ್ಸ್‌ರೇ ಫಿಲ್ಮೂ ಬೇಡ. ರಟ್ಟಿನಲ್ಲಿ 2 ಮಿಲಿಮೀಟರ್ ತೂತು ಮಾಡಿ 2 ಮೀಟರ್ ದೂರದ ಬಿಳಿ ಗೋಡೆಗೆ ಬಿಟ್ಟರೆ ಸುಮಾರು 2 ಸೆಂಟಿಮೀಟರ್ ಅಗಲದ ಬಿಂಬ ಸಿಗುತ್ತದೆ, ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದು.

ಮಣಿಪಾಲ_ಪ್ರಯೋಗ

ಗಣಕರೇ, ನಿಮ್ಮ ಎರಡು ಪದರದ ವಾದ ಪಂಚಾಂಗದ ಮಟ್ಟಿಗೆ ಸರಿ. ಅಲ್ಲಿ ಇಬ್ಬರೂ ಆಕಾಶವನ್ನು ತೀರ್ಪುಗಾರ ಎಂದು ಒಪ್ಪಿದ್ದೀರಿ. ಅದೇ ಪಂಚಾಂಗದ ಮುಂದಿನ ಪುಟದಲ್ಲಿ ರಾಶಿಫಲ ಉಂಟಲ್ಲ? ಅದೂ ಲೋಕದ ಬಗ್ಗೆ ಹೇಳುವ ಮಾತೇ. ಪುಣೆಯಲ್ಲಿ ಜಯಂತ್ ನಾರ್ಳೀಕರ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. 100 ಪ್ರತಿಭಾವಂತ ಮಕ್ಕಳ, 100 ಬುದ್ಧಿಮಾಂದ್ಯ ಮಕ್ಕಳ ಜಾತಕ. ಉತ್ತರ ಕಳಿಸಿದ 27 ಜ್ಯೋತಿಷಿಗಳಲ್ಲಿ ಒಬ್ಬೊಬ್ಬರಿಗೆ 40 ಜಾತಕ, ಯಾವುದು ಯಾರದ್ದು ಎಂದು ಹೇಳಬೇಕು. ಸರಾಸರಿ 46 ಶೇಕಡಾ ಸರಿ. ನಾಣ್ಯ ಚಿಮ್ಮಿದರೆ 50. ಇದಕ್ಕೆ ಎಂತ ಹೇಳುತ್ತೀರಿ?

ರಥಬೀದಿ_ಗಣಕ

ಫಲಭಾಗ ಪರೀಕ್ಷೆಗೆ ಒಳಪಡುವ ಮಾತು, ಪರೀಕ್ಷೆಯಲ್ಲಿ ಬಿದ್ದರೆ ಬಿದ್ದದ್ದೇ. ಅಷ್ಟಮಿಯ ರಾತ್ರಿ ಚಂದ್ರೋದಯಕ್ಕೆ ಅರ್ಘ್ಯ ಕೊಡಲು ಜಾತಕಫಲ ನಿಜವಾಗಿರಬೇಕಿಲ್ಲ. ಚಂದ್ರ ಹೇಳಿದ ಹೊತ್ತಿಗೆ ಮೂಡಿದರೆ ಸಾಕು.

ಪಡುಬಿದ್ರಿ_ಕಡಲು

ನಿಮಗೆ ಬೇಕಿಲ್ಲ ಗಣಕರೇ. ಆದರೆ ಮದುವೆಗೆ ಜಾತಕ ಕೂಡಲಿಲ್ಲ ಎಂದು ಒಳ್ಳೆಯ ಸಂಬಂಧ ಬಿಡುವವರು, ಕುಜದೋಷ ಎಂದು ಹುಡುಗಿಯನ್ನು ವರ್ಷಗಟ್ಟಲೆ ಕಾಯಿಸುವವರು ಎಷ್ಟೋ ಮಂದಿ. ಅವರಿಗೆ ನಂಬಿಕೆ ಎಂದರೆ ಅದೇ. ಎರಡು ಪದರ ಎಂದು ನಾವು ಇಲ್ಲಿ ಬಿಡಿಸಿಟ್ಟದ್ದನ್ನು ಅವರ ಮನೆಗೆ ಮುಟ್ಟಿಸುವ ಕೆಲಸ ಪಂಚಾಂಗ ಅಚ್ಚು ಹಾಕುವವರದ್ದು. ಗಣಿತಭಾಗ ಯಾವ ಅಯನಾಂಶದ್ದು, ಯಾವ ಊರಿನ ಸೂರ್ಯೋದಯದ್ದು ಎಂದು ಮೊದಲ ಪುಟದಲ್ಲೇ ಹಾಕಲಿ, ಫಲಭಾಗವನ್ನು ಬೇರೆ ಪುಸ್ತಕ ಮಾಡಲಿ.

ಬಂದರ್_ಹಿಲಾಲ್

ಸೂರ್ಯಾಸ್ತ, ಚಂದ್ರಾಸ್ತದ ನಿಮಿಷಗಳನ್ನೂ ಹಾಕಲಿ. ಮಂಗಳೂರಿನದ್ದು, ಉಡುಪಿಯದ್ದು ಬೇರೆ ಬೇರೆ. ಅದು ನಮಗೂ ಬೇಕು.